ಗ್ಯಾಸ್ ತುಂಬಿಸುವ ಮುನ್ನ ಮೂರು ಅಂಕಿ

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ. ಅಕ್ಕನ ಮನೆಯ ಮಲಗುವ ಕೋಣೆಯಲ್ಲಿ ಒಂದೂವರೆ ಟನ್ನಿನ ಎಸಿ ಬೆಳಗಿನಿಂದ ಒಂದೇ ಸಮನೆ ಓಡುತ್ತಿತ್ತು. ಕೋಣೆ ಮಾತ್ರ 33 ಡಿಗ್ರಿಯಿಂದ ಕೆಳಗಿಳಿದಿರಲಿಲ್ಲ. ಸರ್ವಿಸಿಗೆ ಬಂದ ಹುಡುಗ ಒಳಗಿನ ಯೂನಿಟ್ಟಿನ ಮುಂದೆ ಕೈ ಹಿಡಿದು ನೋಡಿ, "ಗ್ಯಾಸ್ ಖಾಲಿ ಆಗ್ಯಾದ್ರಿ ಅಕ್ಕೋರ, ತುಂಬಿಸಿದ್ರ ಥಂಡ್ ಬರ್ತದ" ಅಂದ. ಅಕ್ಕ ನನ್ನ ಕಡೆ ತಿರುಗಿ, "ಹೋದ ವರ್ಷನೂ ಹಿಂಗೇ ಅಂದಿದ್ರು ನೋಡಪಾ, ಅದರ ಹಿಂದಿನ ವರ್ಷನೂ ಇದೇ ಮಾತು" ಅಂದಳು. ಎರಡು ಬೇಸಿಗೆಯಲ್ಲಿ ಎರಡು ಸಲ ಗ್ಯಾಸ್, ಪ್ರತಿ ಸಲವೂ ಕೆಲವು ಸಾವಿರ ರೂಪಾಯಿ. ಮೂರನೆಯ ಬೇಸಿಗೆಗೆ ಮತ್ತೆ ಅದೇ ಮದ್ದು.

ಗ್ಯಾಸ್ ಅನ್ನುವುದು ಸ್ಕೂಟರಿನ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಬೆಸುಗೆ ಹಾಕಿ ಮುಚ್ಚಿದ ತಾಮ್ರದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಒಳಗಿನ ಕಾಯಿಲ್‌ನಲ್ಲಿ ಆವಿಯಾಗುತ್ತ ಕೋಣೆಯ ಶಾಖ ಹೀರುತ್ತದೆ, ಹೊರಗಿನ ಕಾಯಿಲ್‌ನಲ್ಲಿ ಮತ್ತೆ ದ್ರವವಾಗುತ್ತ ಆ ಶಾಖವನ್ನು ಬೀದಿಗೆ ಬಿಡುತ್ತದೆ. ಹತ್ತು ವರ್ಷ ಓಡಿದರೂ ಅದು ಒಂದು ಗ್ರಾಂ ಕಡಿಮೆಯಾಗಬೇಕಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಆ ಜಾಗವನ್ನು ಹುಡುಕಿ ಮುಚ್ಚಬೇಕು. ಸೋರಿಕೆಯೇ ಇಲ್ಲದಿದ್ದರೆ ಕಾಯಿಲೆ ಬೇರೆ ಇದೆ. ಅದು ಯಾವುದು ಎಂದು ತಿಳಿಯಲು ಅಂಗೈ ಹಿಡಿದು ನೋಡಿದರೆ ಸಾಲದು. ಜ್ವರ ಬಂದಾಗ ಹಣೆ ಮುಟ್ಟುತ್ತೇವೆ, ಆದರೆ ಔಷಧಿ ಬರೆಯುವ ಡಾಕ್ಟರು ಥರ್ಮಾಮೀಟರ್ ನೋಡದೆ ಬರೆಯುವುದಿಲ್ಲ. ಎಸಿಗೂ ಆ ಮರ್ಯಾದೆ ಸಲ್ಲಬೇಕು.

ಅಳೆಯುವುದು ಕಷ್ಟವೇನಲ್ಲ. ಒಂದು ಥರ್ಮಾಮೀಟರು, ಮನೆಯ ಕರೆಂಟ್ ಮೀಟರು, ಒಂದು ಬಕೆಟ್ಟು. ಈ ಮೂರರಿಂದ ಸಿಗುವ ಮೂರು ಅಂಕಿಗಳನ್ನು ಒಟ್ಟಿಗಿಟ್ಟು ಓದಿದರೆ ನಿಮ್ಮ ಎಸಿಯ ಆರೋಗ್ಯ ನಿಮಗೇ ಗೊತ್ತಾಗುತ್ತದೆ.

ಯಾವ ಥರ್ಮಾಮೀಟರ್, ಎಲ್ಲಿ ಹಿಡಿಯಬೇಕು

ಜ್ವರದ ಥರ್ಮಾಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು, ಅದರ ಅಳತೆ ಶುರುವಾಗುವುದೇ 32 ಡಿಗ್ರಿಯ ಆಚೆ. ಕೋವಿಡ್ ಕಾಲದಲ್ಲಿ ಕೊಂಡ ಗನ್ ಮಾದರಿಯದೂ ಬೇಡ. ಅದು ಗಾಳಿಯ ಉಷ್ಣತೆ ಅಳೆಯುವುದಿಲ್ಲ, ಎದುರಿಗಿರುವ ವಸ್ತುವಿನ ಮೈಯನ್ನು ಅಳೆಯುತ್ತದೆ. ಹೊಳೆಯುವ ತಾಮ್ರದ ಪೈಪಿಗೆ ಹಿಡಿದರಂತೂ ಪೂರಾ ತಪ್ಪು ತೋರಿಸುತ್ತದೆ. ಅಡುಗೆಗೆ ಬಳಸುವ, ಉದ್ದ ಕಡ್ಡಿಯಿರುವ ಡಿಜಿಟಲ್ ಥರ್ಮಾಮೀಟರು ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಂದ ಮೇಲೆ ಒಮ್ಮೆ ಪರೀಕ್ಷೆ ಮಾಡಿ. ಲೋಟದ ತುಂಬ ಪುಡಿ ಮಾಡಿದ ಐಸ್ ಹಾಕಿ, ಸ್ವಲ್ಪ ನೀರು ಸುರಿದು, ಕಲಕಿ, ಕಡ್ಡಿ ಅದ್ದಿ. ಎರಡು ನಿಮಿಷದಲ್ಲಿ 0 ತೋರಿಸಬೇಕು. 1 ತೋರಿಸಿದರೆ ಮುಂದಿನ ಪ್ರತಿ ಅಳತೆಯಲ್ಲೂ 1 ಕಳೆಯಿರಿ. ಕುದಿಯುವ ನೀರಿನಲ್ಲಿ ಪರೀಕ್ಷಿಸಬೇಡಿ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದನ್ನು ತಿಳಿಯದವರು ಸರಿಯಾದ ಥರ್ಮಾಮೀಟರನ್ನೇ ಕೆಟ್ಟಿದೆ ಎಂದು ಎಸೆದಾರು.

ಇನ್ನು ಎಸಿಯನ್ನು ಸಿದ್ಧ ಮಾಡಿಕೊಳ್ಳಬೇಕು. ಬಾಗಿಲು ಕಿಟಕಿ ಮುಚ್ಚಿ, ರಿಮೋಟ್‌ನಲ್ಲಿ ಕೂಲ್ ಮೋಡ್, ಉಷ್ಣತೆ 16 ಅಥವಾ 17, ಫ್ಯಾನ್ ಅತಿ ವೇಗದಲ್ಲಿ. ಇಷ್ಟು ಕೆಳಗೆ ಇಡುವುದು ಪರೀಕ್ಷೆಯ ಹೊತ್ತಿಗೆ ಮಾತ್ರ. ಇನ್ವರ್ಟರ್ ಎಸಿ ಕೋಣೆ ತಣ್ಣಗಾಗುತ್ತ ಬಂದಂತೆ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಅಳೆದರೆ ಅದರ ಪೂರ್ಣ ಶಕ್ತಿ ತಿಳಿಯದು. ಇತ್ತೀಚಿನ ಮಾದರಿಗಳಲ್ಲಿ ಶೇಕಡಾ 40, 60, 80 ಎಂದು ಸಾಮರ್ಥ್ಯವನ್ನೇ ತಗ್ಗಿಸುವ ಗುಂಡಿಯೊಂದಿದೆ, ಇಕೋ ಎಂಬ ಗುಂಡಿಯೂ ಇದೆ. ಚಳಿಗಾಲದಲ್ಲಿ ಒತ್ತಿದ್ದನ್ನು ಮರೆತು, ಏಪ್ರಿಲ್‌ನಲ್ಲಿ ಎಸಿ ಕೆಟ್ಟಿತೆಂದು ಮೆಕ್ಯಾನಿಕ್‌ಗೆ ಫೋನ್ ಮಾಡುವ ಮನೆಗಳಿವೆ. ಮೊದಲು ಅದನ್ನು ನೋಡಿ.

ಇಪ್ಪತ್ತು ನಿಮಿಷ ಓಡಿದ ಮೇಲೆ ಎರಡು ಕಡೆ ಅಳೆಯಿರಿ. ಗೋಡೆಯ ಯೂನಿಟ್ ಕೋಣೆಯ ಗಾಳಿಯನ್ನು ತನ್ನ ನೆತ್ತಿಯ ಮೇಲಿನ ಜಾಲರಿಯಿಂದ ಎಳೆದುಕೊಂಡು, ಕೆಳಗಿನ ಬಾಯಿಯಿಂದ ತಂಪು ಮಾಡಿ ಬಿಡುತ್ತದೆ. ಮೊದಲು ನೆತ್ತಿಯ ಹತ್ತಿರ ಕಡ್ಡಿ ಹಿಡಿದು ಅಂಕಿ ನಿಲ್ಲುವ ತನಕ ಕಾಯಿರಿ. ಆಮೇಲೆ ಕೆಳಗಿನ ಬಾಯಿಯ ಅಂಚಿನಲ್ಲಿ, ಒಳಗೆ ತಿರುಗುವ ಬ್ಲೋವರ್‌ಗೆ ತಾಗದಂತೆ, ಎಡಕ್ಕೆ, ನಡುವೆ, ಬಲಕ್ಕೆ ಹಿಡಿದು ಮೂರರ ಸರಾಸರಿ ತೆಗೆದುಕೊಳ್ಳಿ. ಮೇಲಿನದರಿಂದ ಕೆಳಗಿನದನ್ನು ಕಳೆದರೆ ಸಿಗುವುದೇ ಮೊದಲ ಅಂಕಿ. ಮೇಲೆ 29, ಕೆಳಗೆ 18 ಇದ್ದರೆ ವ್ಯತ್ಯಾಸ 11.

ಮೆಕ್ಯಾನಿಕ್‌ಗಳ ನಡುವೆ ಓಡಾಡುವ ಲೆಕ್ಕ 8ರಿಂದ 12. ಅದರೊಳಗಿದ್ದರೆ ಎಸಿ ಚೆನ್ನಾಗಿದೆ, 8ಕ್ಕಿಂತ ಕಡಿಮೆಯಿದ್ದರೆ ಏನೋ ಆಗಿದೆ. ಈ ಲೆಕ್ಕ ತಪ್ಪಲ್ಲ, ಆದರೆ ಇಷ್ಟನ್ನೇ ನಂಬಿ ಕುಳಿತರೆ ಮೋಸ ಹೋಗುತ್ತೇವೆ. ಅಕ್ಕನ ಮನೆಯಲ್ಲಿ ಅಳೆದಾಗ ನನಗೆ ಸಿಕ್ಕಿದ್ದು ಮೇಲೆ 33, ಕೆಳಗೆ 25, ವ್ಯತ್ಯಾಸ ಸರಿಯಾಗಿ 8. ಅದಕ್ಕೆ ಹಿಂದಿನ ತಿಂಗಳು ಮಂಗಳೂರಿನಲ್ಲಿ ಮಗಳ ಬಾಡಿಗೆ ಮನೆಯ ಎಸಿಯನ್ನೂ ಅಳೆದಿದ್ದೆ. ಅಲ್ಲಿ ಮೇಲೆ 29, ಕೆಳಗೆ 21. ಅಲ್ಲೂ 8. ಮಂಗಳೂರಿನ ಎಸಿ ಆರೋಗ್ಯವಾಗಿತ್ತು, ಕಲಬುರಗಿಯದು ನರಳುತ್ತಿತ್ತು.

ಬಕೆಟ್ಟಿನ ಲೆಕ್ಕ

ಒಂದೇ ಅಂಕಿಗೆ ಎರಡು ಅರ್ಥ ಹೇಗೆ ಬಂತು ಎಂಬುದನ್ನು ಬಿಡಿಸಿ ಹೇಳುವುದು ಬಕೆಟ್ಟು. ಎಸಿ ಎರಡು ಕೆಲಸ ಮಾಡುತ್ತದೆ: ಗಾಳಿಯನ್ನು ತಣ್ಣಗೆ ಮಾಡುವುದು, ಗಾಳಿಯಲ್ಲಿರುವ ನೀರಾವಿಯನ್ನು ಹಿಂಡಿ ತೆಗೆಯುವುದು. ಎಸಿಯ ಇತಿಹಾಸ ಶುರುವಾದದ್ದೇ ಎರಡನೆಯ ಕೆಲಸದಿಂದ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗುವ ಬಣ್ಣಗಳು ಜಾಗ ತಪ್ಪುತ್ತಿದ್ದವು. ಅದಕ್ಕೆ ಪರಿಹಾರವಾಗಿ ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ರೂಪಿಸಿದ ಯಂತ್ರವೇ ಇಂದಿನ ಎಸಿಗಳ ಮೂಲಪುರುಷ. ಅವರ ಗುರಿ ತೇವವನ್ನು ಹದಕ್ಕೆ ತರುವುದಾಗಿತ್ತು.

ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ, ಆ ಶಾಖವನ್ನೂ ಎಸಿಯೇ ಹೊರಬೇಕು. ಒಂದು ಲೀಟರ್ ನೀರಿಗೆ ಅದು ಸುಮಾರು 2,450 ಕಿಲೋಜೌಲ್. ಗಂಟೆಗೆ ಒಂದು ಲೀಟರ್ ನೀರು ಡ್ರೇನ್ ಪೈಪಿನಿಂದ ಸುರಿದರೆ ಎಸಿ ಅದಕ್ಕಾಗಿಯೇ ಸುಮಾರು 680 ವಾಟ್ ಶಾಖ ಎತ್ತಿದೆ ಎಂದರ್ಥ. ಮಗಳ ಮನೆಯಲ್ಲಿ ಡ್ರೇನ್ ಪೈಪನ್ನು ಬಕೆಟ್ಟಿಗೆ ಬಿಟ್ಟು ಒಂದು ಗಂಟೆಯ ನಂತರ ಅಡುಗೆಮನೆಯ ಅಳತೆ ಪಾತ್ರೆಯಲ್ಲಿ ಸುರಿದು ನೋಡಿದೆವು. 2.4 ಲೀಟರ್ ಬಂದಿತ್ತು. ಅಂದರೆ 1,600 ವಾಟಿನಷ್ಟು ದುಡಿಮೆ ನೀರಿಗೇ ಹೋಗಿದೆ. ಒಂದೂವರೆ ಟನ್ನಿನ ಎಸಿಯ ಒಟ್ಟು ಶಕ್ತಿ 5,000 ವಾಟಿನ ಆಸುಪಾಸು. ಮೂರನೆಯ ಒಂದು ಪಾಲು ಕರಾವಳಿಯ ತೇವಕ್ಕೆ ಸಂದಿದೆ, ಉಳಿದದ್ದರಲ್ಲಿ ಗಾಳಿ 8 ಡಿಗ್ರಿ ಇಳಿದಿದೆ. ತೂಕ ಸರಿಹೋಯಿತು.

ಅಕ್ಕನ ಮನೆಯ ಪೈಪಿನ ಕೆಳಗೆ ಇಟ್ಟ ಚೊಂಬಿನ ತಳ ಕೂಡ ಒದ್ದೆಯಾಗಲಿಲ್ಲ. ಮೇ ತಿಂಗಳ ಕಲಬುರಗಿಯ ಗಾಳಿ ಹಪ್ಪಳ ಒಣಗಿಸುವ ಗಾಳಿ, ಹಿಂಡುವುದಕ್ಕೆ ಅದರಲ್ಲಿ ತೇವವೇ ಇರುವುದಿಲ್ಲ. ಹಾಗಾಗಿ ಎಸಿಯ ಇಡೀ ಶಕ್ತಿ ಗಾಳಿಯನ್ನು ತಂಪು ಮಾಡುವುದಕ್ಕೇ ಸಿಗಬೇಕು, ವ್ಯತ್ಯಾಸ 12, 13, ಕೆಲವೊಮ್ಮೆ 14 ಬರಬೇಕು. ಅಂಥ ಕಡೆ 8 ಬಂದರೆ ಮೂರನೆಯ ಒಂದು ಭಾಗದಷ್ಟಾದರೂ ಶಕ್ತಿ ಎಲ್ಲೋ ಕಳೆದುಹೋಗುತ್ತಿದೆ. ರಾಯಚೂರು, ಬಳ್ಳಾರಿ, ವಿಜಯಪುರದವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಕರಾವಳಿಯಲ್ಲಿ 8 ಸರಿ ಎಂದ ಲೆಕ್ಕ ನಿಮ್ಮ ಊರಿಗೆ ಹೊಂದುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದವರು 8 ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ, ನೀರು ಅಳೆದು ನೋಡಿ.

ಇಲ್ಲೇ ಇನ್ನೊಂದು ಮಾತು. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಎಸಿ ಸಾಲದೆಂದು ಅದೇ ಕೋಣೆಯಲ್ಲಿ ಕೂಲರ್ ಕೂಡ ಹಚ್ಚುತ್ತಾರೆ. ಕೂಲರ್ ನೀರನ್ನು ಆವಿ ಮಾಡಿ ಗಾಳಿಗೆ ಸೇರಿಸುತ್ತದೆ, ಎಸಿ ಆ ಆವಿಯನ್ನು ಮತ್ತೆ ನೀರು ಮಾಡಿ ಹೊರಗೆ ಹಾಕಬೇಕಾಗುತ್ತದೆ. ಒಂದು ಕೈ ತುಂಬುವುದು, ಇನ್ನೊಂದು ಕೈ ತೋಡುವುದು, ಎರಡಕ್ಕೂ ಕರೆಂಟ್. ದಯವಿಟ್ಟು ಒಂದು ಹೊತ್ತಿಗೆ ಒಂದನ್ನೇ ಓಡಿಸಿ.

ಮೀಟರ್ ಮಿನುಗುವುದನ್ನು ಎಣಿಸಿ

ಮೂರನೆಯ ಅಂಕಿ ಎಸಿ ಎಳೆಯುವ ಕರೆಂಟು. ಮೆಕ್ಯಾನಿಕ್‌ಗಳ ಬಳಿ ವೈರನ್ನು ತಬ್ಬಿ ಹಿಡಿಯುವ ಕ್ಲ್ಯಾಂಪ್ ಮೀಟರ್ ಇರುತ್ತದೆ, ಅದನ್ನು ಅವರಿಗೇ ಬಿಡೋಣ. ನಮ್ಮ ಮನೆಯ ಡಿಜಿಟಲ್ ಮೀಟರಿನ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂಬುದು ಮೀಟರಿನ ಮುಖದ ಮೇಲೇ ಅಚ್ಚಾಗಿರುತ್ತದೆ, 1600 ಎಂದೋ 3200 ಎಂದೋ. ಫ್ರಿಜ್ಜು, ಗೀಸರು, ಫ್ಯಾನು ಎಲ್ಲ ಆರಿಸಿ, ಎಸಿಯೊಂದನ್ನೇ ಬಿಟ್ಟು, ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತು ಎಂದು ಎಣಿಸಿ. ಅದನ್ನು 60ರಿಂದ ಗುಣಿಸಿ, ಮೀಟರಿನ ಮೇಲಿನ ಸಂಖ್ಯೆಯಿಂದ ಭಾಗಿಸಿದರೆ ಕಿಲೋವಾಟ್ ಸಿಗುತ್ತದೆ. ಎಣಿಸುವುದು ಕಷ್ಟವಾದರೆ ಫೋನಿನಲ್ಲಿ ವಿಡಿಯೊ ಮಾಡಿ ನಿಧಾನಗತಿಯಲ್ಲಿ ನೋಡಿ. ಅಕ್ಕನ ಮೊಮ್ಮಗ ಹಾಗೆಯೇ ಮಾಡಿದ. ಅವರ ಮೀಟರ್ 3200ರದು, ನಿಮಿಷಕ್ಕೆ 104 ಮಿನುಗು. ಅಂದರೆ 1.95 ಕಿಲೋವಾಟ್.

ಹೊರಗಿನ ಯೂನಿಟ್ಟಿನ ಪಕ್ಕದಲ್ಲಿ ಅಂಟಿಸಿದ ಫಲಕದಲ್ಲಿ ಎಸಿ ಪೂರ್ಣ ಶಕ್ತಿಯಲ್ಲಿ ಎಷ್ಟು ವಾಟ್ ಎಳೆಯಬೇಕೆಂದು ಬರೆದಿರುತ್ತದೆ. ಅಕ್ಕನದು ಇನ್ವರ್ಟರ್ ಅಲ್ಲದ ಹಳೆಯ ಮಾದರಿ, ಫಲಕದಲ್ಲಿ 1,600 ಇತ್ತು. ಕಲಬುರಗಿಯ ಬಿಸಿಲಿಗೆ ಸ್ವಲ್ಪ ಹೆಚ್ಚಾಗುವುದು ಸಹಜ, ಏಕೆಂದರೆ ಆ ಫಲಕದ ಲೆಕ್ಕ ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವ ಪ್ರಯೋಗಾಲಯದ್ದು. ಆದರೆ 1,950 ಸಹಜವಲ್ಲ.

ಈಗ ನೋಡಿ, ಗ್ಯಾಸಿನ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಗ್ಯಾಸ್ ಕಡಿಮೆಯಾದರೆ ಕಂಪ್ರೆಸರ್‌ಗೆ ಒತ್ತಲು ಸರಕೇ ಇರುವುದಿಲ್ಲ, ಅದು ಹಗುರಾಗಿ ತಿರುಗುತ್ತದೆ, ಕರೆಂಟ್ ಫಲಕದ ಲೆಕ್ಕಕ್ಕಿಂತ ಕೆಳಗೆ ಬರುತ್ತದೆ. ತಂಪು ಕಡಿಮೆ, ಕರೆಂಟೂ ಕಡಿಮೆ ಎಂದರೆ ಗ್ಯಾಸ್ ಸೋರಿರಬಹುದು, ಇಲ್ಲವೇ ಕಂಪ್ರೆಸರ್ ಸವೆದು ಒತ್ತುವ ಬಲ ಕಳೆದುಕೊಂಡಿರಬಹುದು. ತಂಪು ಕಡಿಮೆ, ಕರೆಂಟ್ ಹೆಚ್ಚು ಎಂದರೆ ಶಾಖ ಹೊರಗೆ ಹೋಗುತ್ತಿಲ್ಲ. ಮೊದಲು ನೋಡಬೇಕಾದದ್ದು ಹೊರಗಿನ ಯೂನಿಟ್ಟು, ಗ್ಯಾಸ್ ಸಿಲಿಂಡರ್ ಅಲ್ಲ. ನನ್ನ ಪ್ರಕಾರ ಎಸಿ ಇರುವ ಪ್ರತಿ ಮನೆಯವರೂ ಬಾಯಿಪಾಠ ಮಾಡಿಕೊಳ್ಳಬೇಕಾದ ಸೂತ್ರ ಇದೊಂದೇ.

ಅಕ್ಕನ ಮನೆಯ ಹೊರ ಯೂನಿಟ್ ಹಿಂದಿನ ಬಾಲ್ಕನಿಯಲ್ಲಿತ್ತು. ಮಳೆಗೆ ನೆನೆಯದಿರಲಿ ಎಂದು ಮೇಲೆ ತಗಡು, ಬಿಸಿಲು ಬೀಳದಿರಲಿ ಎಂದು ಎದುರಿಗೆ ಹಸಿರು ನೆಟ್ಟು, ಪಕ್ಕದಲ್ಲಿ ವಾಷಿಂಗ್ ಮಷಿನ್ನು. ಎಲ್ಲ ಕಾಳಜಿಯಿಂದಲೇ ಮಾಡಿದ್ದು. ಹೊರಗೆ ಬೀದಿಯ ನೆರಳಿನಲ್ಲಿ ಥರ್ಮಾಮೀಟರ್ 41 ತೋರಿಸಿತು. ಯೂನಿಟ್ಟಿನ ಬೆನ್ನ ಹಿಂದೆ, ಅದು ಗಾಳಿ ಎಳೆದುಕೊಳ್ಳುವ ಜಾಗದಲ್ಲಿ ಹಿಡಿದರೆ 50. ಉಗುಳಿದ ಬಿಸಿಗಾಳಿ ನೆಟ್ಟಿಗೆ ಬಡಿದು ತಗಡಿನ ಕೆಳಗೆ ಸುತ್ತಿ ಮತ್ತೆ ಬೆನ್ನಿಗೇ ಬರುತ್ತಿತ್ತು. ಯೂನಿಟ್ ತನ್ನ ಬಿಸಿಯುಸಿರನ್ನು ತಾನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಹಿಂಬದಿಯ ಅಲ್ಯೂಮಿನಿಯಂ ಎಲೆಗಳನ್ನು ಬೆರಳಿನಿಂದ ಸವರಿದೆ. ಹಳದಿ ಬೂದು ಬಣ್ಣದ, ಹಿಟ್ಟಿನಂಥ ಧೂಳು ಕಂಬಳಿಯಂತೆ ಒಟ್ಟಾಗಿ ಎದ್ದುಬಂತು. ಎರಡು ಬೀದಿ ಆಚೆ ದಾಲ್ ಮಿಲ್ ಇದೆ. ತೊಗರಿಯ ಊರಿನಲ್ಲಿ ಗಾಳಿಯಲ್ಲೂ ತೊಗರಿ ಹೊಟ್ಟಿನ ಧೂಳು ತೇಲುತ್ತಿರುತ್ತದೆ, ಮೂರು ವರ್ಷದ ಧೂಳೆಲ್ಲ ಆ ಎಲೆಗಳ ನಡುವೆ ಕೂತಿತ್ತು.

ಮೇನ್ ಆಫ್ ಮಾಡಿ, ನೆಟ್ಟು ತಗಡು ತೆಗೆದು, ಮೆತ್ತನೆಯ ಬ್ರಷ್ಷಿನಿಂದ ಉದ್ದುದ್ದಕ್ಕೆ ಸವರಿ, ಕೈ ಪೈಪಿನ ನೀರಿನಲ್ಲಿ ತೊಳೆದೆವು. ಜೋರು ಒತ್ತಡದ ನೀರು ಹೊಡೆಯಬಾರದು, ತೆಳು ಎಲೆಗಳು ಮಡಚಿಕೊಂಡುಬಿಡುತ್ತವೆ. ವೈರಿನ ಪೆಟ್ಟಿಗೆ ಇರುವ ಬದಿಗೆ ನೀರು ಬೀಳಬಾರದು. ಒಣಗಲು ಬಿಟ್ಟು, ವಾಷಿಂಗ್ ಮಷಿನ್ನನ್ನು ದೂರ ಸರಿಸಿ, ಸಂಜೆ ಮತ್ತೆ ಹಚ್ಚಿದೆವು. ಹಿಂದಿನ ಎರಡು ಸಲ ಲೆಕ್ಕವಿಲ್ಲದೆ ತುಂಬಿದ್ದ ಗ್ಯಾಸ್ ಹೆಚ್ಚಾಗಿರಬಹುದೆಂಬ ಅನುಮಾನ ನನಗಿತ್ತು. ಬೇರೆ ಮೆಕ್ಯಾನಿಕ್ ಒಬ್ಬರು ಬಂದು ಒತ್ತಡ ನೋಡಿ, ಹೌದೆಂದು, ಇದ್ದ ಗ್ಯಾಸನ್ನು ಬೇರೆ ಸಿಲಿಂಡರ್‌ಗೆ ತೆಗೆದು ಫಲಕದಲ್ಲಿ ಬರೆದಷ್ಟೇ ಗ್ರಾಂ ತೂಗಿ ತುಂಬಿದರು. ಗ್ಯಾಸ್ ಹೆಚ್ಚಾದರೂ ಒತ್ತಡ ಏರಿ ಕರೆಂಟ್ ಏರುತ್ತದೆ, ಕಡಿಮೆಯಾದರೆ ಕೆಡುವಷ್ಟೇ ಹೆಚ್ಚಾದರೂ ಕೆಡುತ್ತದೆ. ಮರುದಿನ ಮಧ್ಯಾಹ್ನ ಅಳೆದಾಗ ಮೇಲೆ 31, ಕೆಳಗೆ 18. ವ್ಯತ್ಯಾಸ 13. ಮೀಟರಿನ ದೀಪ ನಿಮಿಷಕ್ಕೆ 88 ಸಲ, ಅಂದರೆ 1.65 ಕಿಲೋವಾಟ್.

ಉಳಿದ ಲಕ್ಷಣಗಳು

ವ್ಯತ್ಯಾಸ ಹೆಚ್ಚಾದಷ್ಟೂ ಒಳ್ಳೆಯದೇ ಎಂದುಕೊಳ್ಳಬೇಡಿ. ತೇವದ ಊರಿನಲ್ಲಿ 16, 18 ಬಂತು, ಬಾಯಿಯಿಂದ ಬರುವ ಗಾಳಿ ಹಿಮದಂತೆ ತಣ್ಣಗಿದೆ, ಆದರೂ ಕೋಣೆಯ ಮೂಲೆ ತಂಪಾಗುತ್ತಿಲ್ಲ ಎಂದರೆ ಗಾಳಿಯೇ ಸಾಕಷ್ಟು ಹರಿಯುತ್ತಿಲ್ಲ. ಕಾಯಿಲ್ ಮುಂದೆ ಗಾಳಿ ತೆವಳುತ್ತಿರುವುದರಿಂದ ಅಷ್ಟು ತಣ್ಣಗಾಗಿದೆ. ಫಿಲ್ಟರ್ ತೆಗೆದು ತೊಳೆಯಿರಿ, ಇದು ಹದಿನೈದು ದಿನಕ್ಕೊಮ್ಮೆ ಮನೆಯವರೇ ಮಾಡಬೇಕಾದ ಕೆಲಸ. ಫಿಲ್ಟರ್ ಶುಚಿಯಾಗಿದ್ದೂ ಗಾಳಿ ಕಡಿಮೆಯಿದ್ದರೆ ಕೆಳಗಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ಬ್ಲೋವರ್ ನೋಡಿ. ಅದರ ಸಣ್ಣ ಸಣ್ಣ ರೆಕ್ಕೆಗಳ ಮೇಲೆ ಕಪ್ಪು ಪಾಚಿಯಂಥ ಕೊಳೆ ಕೂತಿದ್ದರೆ ಗಾಳಿಯನ್ನು ಎತ್ತಿ ಎಸೆಯುವ ಶಕ್ತಿ ಹೋಗಿರುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಇದು ಬಹಳ. ಗಾಳಿ ತೀರ ಕಡಿಮೆಯಾದರೆ ಒಳಗಿನ ಕಾಯಿಲ್ ಮೇಲೆ ಐಸ್ ಕಟ್ಟಿ, ಆರಿಸಿದ ಮೇಲೆ ಗೋಡೆಯ ಮೇಲೆ ನೀರು ಇಳಿಯುತ್ತದೆ.

ನಿಜವಾಗಿ ಗ್ಯಾಸ್ ಸೋರಿದ್ದರೆ ಅದಕ್ಕೂ ಗುರುತುಗಳಿವೆ. ಹೊರಗಿನ ಯೂನಿಟ್ಟಿಗೆ ಎರಡು ತಾಮ್ರದ ಪೈಪು ಸೇರುತ್ತವೆ, ಒಂದು ಸಪೂರ, ಒಂದು ದಪ್ಪ. ಸಪೂರ ಪೈಪಿನ ವಾಲ್ವ್ ಮೇಲೆ ಬಿಳಿ ಐಸ್ ಕಟ್ಟಿ, ದಪ್ಪ ಪೈಪು ತಣ್ಣಗಾಗದೆ ಬೆಚ್ಚಗಿದ್ದರೆ, ಜೊತೆಗೆ ಮೀಟರ್ ಕೂಡ ಮಂದವಾಗಿ ಮಿನುಗಿದರೆ ಅನುಮಾನ ಬಲವಾಗುತ್ತದೆ. ಪೈಪುಗಳು ಸೇರುವ ನಟ್ಟಿನ ಸುತ್ತ ಎಣ್ಣೆಪಸೆಗೆ ಧೂಳು ಅಂಟಿದ ಕಲೆ ಇದೆಯೇ ನೋಡಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ, ಸೋರುವ ಕಡೆ ಅದು ಹೊರಗೆ ಒಸರಿ ಸಾಕ್ಷಿ ಬಿಡುತ್ತದೆ.

ಆಗ ಗ್ಯಾಸ್ ತುಂಬಿಸಿ, ಆದರೆ ಕೇಳಿ ತುಂಬಿಸಿ. ಸೋರುವ ಜಾಗ ಎಲ್ಲಿದೆ ತೋರಿಸಿ ಎನ್ನಿ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಕಾಣುತ್ತದೆ. ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ, ತೇವವನ್ನು ಪೂರ್ತಿ ಎಳೆಯಬೇಕು, ಇದು ಐದು ನಿಮಿಷದ ಕೆಲಸವಲ್ಲ. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಫಲಕದಲ್ಲಿ ಬರೆದಷ್ಟೇ ಗ್ರಾಂ ಹಾಕಬೇಕು. ಫಲಕದಲ್ಲಿ ಗ್ಯಾಸಿನ ಹೆಸರೂ ಇರುತ್ತದೆ: ಆರ್-22, ಆರ್-410ಎ, ಆರ್-32. ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. ಇಂದಿನ ಬಹುತೇಕ ಹೊಸ ಎಸಿಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣದ್ದು. ಅದರ ಕೆಲಸ ನಡೆಯುವಾಗ ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಸಿಗರೇಟು ಬೇಡ. ಹೊರ ಯೂನಿಟ್ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕುವ ಸಾಹಸ ನೀವು ಮಾಡಬೇಡಿ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುವಷ್ಟು ವಿದ್ಯುತ್ ಹಿಡಿದಿಟ್ಟಿರುತ್ತದೆ.

ಮೂರೂ ಅಂಕಿ ಸರಿಯಾಗಿದ್ದೂ ಕೋಣೆ ತಣ್ಣಗಾಗದಿದ್ದರೆ ಎಸಿಯದು ತಪ್ಪಲ್ಲ, ಕೋಣೆಯ ಹೊರೆ ಹೆಚ್ಚು. ಮೇಲಿನ ಮಹಡಿ, ನೇರ ಬಿಸಿಲು ಹೀರುವ ಆರ್‌ಸಿಸಿ ತಾರಸಿ, ಪಶ್ಚಿಮದ ಗಾಜಿನ ಕಿಟಕಿ ಇರುವ ಕಡೆ ಹೀಗಾಗುತ್ತದೆ. ತಾರಸಿಗೆ ಸುಣ್ಣದ ಬಿಳಿ ಹೊಡೆಸುವುದು ಅಲ್ಲಿ ಇನ್ನೊಂದು ಎಸಿಗಿಂತ ಒಳ್ಳೆಯ ಖರ್ಚು.

ನಕ್ಷತ್ರಗಳನ್ನು ಓದುವುದು

ಎಸಿಯ ಮೇಲಿನ ಸ್ಟಾರ್ ಚೀಟಿ ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋದ್ದು, ಜನ ಬಿಇಇ ಎನ್ನುವುದು ಇದನ್ನೇ. ಅದರ ಮೇಲಿನ ಮುಖ್ಯ ಸಂಖ್ಯೆ ಐಎಸ್‌ಇಇಆರ್. ಎಸಿ ಒಂದು ಋತುವಿನಲ್ಲಿ ಎತ್ತಿ ಹಾಕಿದ ಶಾಖವನ್ನು ಅದು ತಿಂದ ಕರೆಂಟಿನಿಂದ ಭಾಗಿಸಿದರೆ ಬರುವ ಅಂಕಿ ಅದು. 5 ಎಂದರೆ ಒಂದು ಯೂನಿಟ್ ಕರೆಂಟಿಗೆ ಐದು ಯೂನಿಟ್ ಶಾಖ ಹೊರಗೆ ಹೋಯಿತು. ಭಾರತದ ಹವೆಗೆ ತಕ್ಕಂತೆ ಹೊರಗಿನ ಉಷ್ಣತೆ 24ರಿಂದ 43 ಡಿಗ್ರಿಯವರೆಗೆ, ವರ್ಷಕ್ಕೆ 1,600 ಗಂಟೆ ಎಂದು ಇಟ್ಟುಕೊಂಡು ಈ ಲೆಕ್ಕ ಕಟ್ಟಿದ್ದಾರೆ. 2018ರಿಂದ ಇದು ಕಡ್ಡಾಯ.

ರೋಗಪತ್ತೆಗೆ ಕೂತವರು ಇಲ್ಲಿ ಒಂದು ಕಡೆ ಎಡವುತ್ತಾರೆ. ಇನ್ವರ್ಟರ್ ಎಸಿಯ ಚೀಟಿಯಲ್ಲಿ 5 ಎಂದಿದೆ, 5,000 ವಾಟ್ ತಂಪಿಗೆ 1,000 ವಾಟ್ ಸಾಕಿತ್ತು, ಮೀಟರ್ ಎಣಿಸಿದರೆ 1,500 ಬರುತ್ತಿದೆ, ಅಂದರೆ ಎಸಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಐಎಸ್‌ಇಇಆರ್ ಇಡೀ ಋತುವಿನ ಸರಾಸರಿ. ಅದರಲ್ಲಿ ಎಸಿ ಅರ್ಧ ವೇಗದಲ್ಲಿ ನಿಧಾನವಾಗಿ, ಮಿತವ್ಯಯದಿಂದ ಓಡಿದ ಗಂಟೆಗಳೇ ಬಹಳ. ಪೂರ್ಣ ವೇಗದಲ್ಲಿ ಅದೇ ಯಂತ್ರದ ದಕ್ಷತೆ 3ರಿಂದ 4ರ ನಡುವೆ ಇರುವುದು ಸಹಜ. ಹಾಗಾಗಿ 16ಕ್ಕೆ ಇಟ್ಟು ಅಳೆದ ಕರೆಂಟನ್ನು ಯೂನಿಟ್ ಪಕ್ಕದ ಫಲಕದ ವಾಟ್ ಜೊತೆ ಹೋಲಿಸಿ, ನಕ್ಷತ್ರದ ಜೊತೆ ಬೇಡ.

ಹೊಸದನ್ನು ಕೊಳ್ಳುವಾಗ, ಹಳೆಯದನ್ನು ಬಿಡುವಾಗ ನಕ್ಷತ್ರ ನೋಡಿ, ಅದರ ಜೊತೆಗೆ ಚೀಟಿಯ ವರ್ಷವನ್ನೂ ನೋಡಿ. ಸ್ಪ್ಲಿಟ್ ಎಸಿಗೆ 2018ರಲ್ಲಿ 4.5 ಐಎಸ್‌ಇಇಆರ್ ಇದ್ದರೆ ಐದು ಸ್ಟಾರ್ ಸಿಗುತ್ತಿತ್ತು. 2022ರ ಜುಲೈಯಲ್ಲಿ ಮಟ್ಟ ಏರಿಸಿ ಐದು ಸ್ಟಾರ್‌ಗೆ 5 ಬೇಕೆಂದರು, 4.5 ನಾಲ್ಕು ಸ್ಟಾರ್‌ಗೆ ಇಳಿಯಿತು. ಅದೇ ಪಟ್ಟಿಯಲ್ಲಿ ಮೂರು ಸ್ಟಾರ್ ಶುರುವಾಗುತ್ತಿದ್ದುದು 3.8ರಿಂದ. ಮಟ್ಟ ಆಗಾಗ ಏರುತ್ತಲೇ ಇರುತ್ತದೆ, ಆದ್ದರಿಂದ ಬೇರೆ ಬೇರೆ ವರ್ಷದ ಎರಡು ಎಸಿಗಳನ್ನು ಹೋಲಿಸುವಾಗ ನಕ್ಷತ್ರ ಬಿಟ್ಟು ಐಎಸ್‌ಇಇಆರ್ ಅಂಕಿಯನ್ನೇ ಹಿಡಿಯಿರಿ.

3.8ರ ಎಸಿ 1,000 ಯೂನಿಟ್ ತಿನ್ನುವಲ್ಲಿ 5ರ ಎಸಿ 760 ತಿನ್ನುತ್ತದೆ. ಉಳಿತಾಯ 240 ಯೂನಿಟ್, ಆದರೆ ಅದು 1,600 ಗಂಟೆ ಓಡಿಸಿದವರಿಗೆ. ಬೆಂಗಳೂರಿನಲ್ಲಿ ಬೇಸಿಗೆಯ 75 ರಾತ್ರಿ, ನಾಲ್ಕು ಗಂಟೆಯಂತೆ ಓಡಿಸಿದರೆ 300 ಗಂಟೆ ಆಯಿತು, ಉಳಿಯುವುದು 45 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 315 ರೂಪಾಯಿ. ಕಲಬುರಗಿಯಲ್ಲಿ ದಿನಕ್ಕೆ ಹತ್ತು ಗಂಟೆಯಂತೆ 120 ದಿನ ಓಡಿಸುವ ಮನೆಗೆ ಅದೇ ಲೆಕ್ಕದಲ್ಲಿ 180 ಯೂನಿಟ್, 1,260 ರೂಪಾಯಿ. ಬೆಂಗಳೂರಿನವರು ಮೂರು ಸ್ಟಾರ್ ಕೊಂಡರೆ ನಷ್ಟವೇನಿಲ್ಲ, ಬಿಸಿಲು ನಾಡಿನವರು ಐದು ಸ್ಟಾರಿಗೆ ಹೆಚ್ಚು ಕೊಟ್ಟರೆ ದಂಡವೇನಿಲ್ಲ ಎಂಬುದು ನನ್ನ ತೀರ್ಮಾನ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ಪಡೆಯುವ ಮನೆಗಳಿಗೆ ಇನ್ನೊಂದು ಲೆಕ್ಕವೂ ಇದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ ಎಸಿಯ 30 ಯೂನಿಟ್ ಕೂಡ ದೊಡ್ಡ ಮೊತ್ತವಾಗುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಗೆ ನಿಲ್ಲಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇಕಡಾ 6 ಕರೆಂಟ್ ಉಳಿಯುತ್ತದೆ ಎಂಬುದು ಬಿಇಇ ಲೆಕ್ಕ. ಅಳತೆ ಮುಗಿದ ಮೇಲೆ ರಿಮೋಟನ್ನು 24ಕ್ಕೋ 25ಕ್ಕೋ ತಂದು ಫ್ಯಾನ್ ಹಚ್ಚಿ ಮಲಗಿ.

ಈ ಅಂಕಿಗಳ ನಿಜವಾದ ಬೆಲೆ ತಿಳಿಯುವುದು ಹಳೆಯ ಅಂಕಿ ಪಕ್ಕದಲ್ಲಿದ್ದಾಗ. ಎಸಿ ಹೊಸದಿರುವಾಗಲೇ, ಇಲ್ಲವೇ ಚೆನ್ನಾಗಿ ಸರ್ವಿಸ್ ಆದ ಮರುದಿನ, ಮೂರನ್ನೂ ಅಳೆದು ತಾರೀಖಿನ ಸಮೇತ ಬರೆದಿಡಿ. ಅಕ್ಕ ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಹಾಳೆಯನ್ನು ಇದಕ್ಕಾಗಿ ಇಟ್ಟಿದ್ದಾಳೆ. ಹೊರಗಿನ ಯೂನಿಟ್ಟಿನ ಧೂಳು ತೊಳೆಸುವ ದಿನವೂ ಅದರಲ್ಲಿದೆ. ಈ ಮಾರ್ಚ್‌ನಲ್ಲಿ ಫೋನ್ ಮಾಡಿ ಓದಿ ಹೇಳಿದಳು: "ಮ್ಯಾಲ 30, ಕೆಳಗ 17, ದೀಪ 86. ಚೊಂಬು ಒಣಾನೇ ಅದ. ಯಾರ್ನೂ ಕರೀಬೇಕಾಗಿಲ್ಲಲ್ಲ?" ಬೇಕಾಗಿಲ್ಲ ಅಕ್ಕ, ಅಂದೆ.